ಕಂತಿನ ಮೇಲೊಂದಿಷ್ಟು

ತಿಂಗಳ ಮೊದಲ ವಾರ ನಮ್ಮಂಥವರ ಮೊಬೈಲಿಗೆ ಎರಡು ಸಂದೇಶಗಳು ಒಂದರ ಹಿಂದೊಂದು ಬರುತ್ತವೆ. ಸಂಬಳ ಜಮೆಯಾಯಿತು ಎಂದು ಒಂದು, ಮನೆ ಸಾಲದ ಕಂತು ಕಡಿತವಾಯಿತು ಎಂದು ಇನ್ನೊಂದು. ಮೊದಲನೆಯದನ್ನು ಓದಿ ನೆಮ್ಮದಿಪಡುತ್ತೇವೆ, ಎರಡನೆಯದನ್ನು ತೆರೆಯುವುದೇ ಇಲ್ಲ. ಹೋಗಬೇಕಾದ ಹಣ, ಹೋಯಿತು. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ದಿನವೂ ಬರೆದಿಡುವ ಮನೆಯಲ್ಲಿ, ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುವ ಮನೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಖರ್ಚಿನ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಸಾಲ ಮಂಜೂರಾದ ದಿನ ಬ್ಯಾಂಕಿನವರು ಕೊಟ್ಟ ಕಾಗದಗಳ ಕಟ್ಟಿನಲ್ಲಿ ಕಂತುಗಳ ಪಟ್ಟಿಯೊಂದು ಇರುತ್ತದೆ. ಇಪ್ಪತ್ತು ವರ್ಷದ ಸಾಲಕ್ಕೆ 240 ಸಾಲು. ಒಂದು ಭಾನುವಾರ ಕಾಫಿ ಮುಗಿಸಿ, ಮನೆಯವರೆಲ್ಲ ಕೂತು ಅದನ್ನು ತೆರೆದು ನೋಡುವುದು ಒಳ್ಳೆಯದು.

30 ಲಕ್ಷ ರೂಪಾಯಿ ಸಾಲ, ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು 26,035 ರೂಪಾಯಿ. ಮೊದಲ ತಿಂಗಳು ಅದರಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,785. ಒಂದು ಕಂತೂ ತಪ್ಪಿಸದೆ ಐದು ವರ್ಷ ಕಟ್ಟಿದಾಗ ನಮ್ಮ ಕೈಯಿಂದ ಹೋಗಿರುವುದು ಸುಮಾರು 15 ಲಕ್ಷ 62 ಸಾವಿರ. ಇಳಿದಿರುವ ಅಸಲು 3 ಲಕ್ಷ 56 ಸಾವಿರ ಮಾತ್ರ. ಕಂತಿನಲ್ಲಿ ಅರ್ಧದಷ್ಟಾದರೂ ಅಸಲಿಗೆ ಸೇರತೊಡಗುವುದು ಹನ್ನೆರಡನೆಯ ವರ್ಷ ಮುಗಿಯುತ್ತ ಬಂದಾಗ. ಇದರಲ್ಲಿ ಬ್ಯಾಂಕಿನವರ ಮೋಸವೇನೂ ಇಲ್ಲ. ಬಾಕಿಯಿರುವ ಅಸಲಿನ ಮೇಲೆ ಬಡ್ಡಿ ಬೀಳುತ್ತದೆ. ಮೊದಮೊದಲು ಬಾಕಿ ಹೆಚ್ಚು, ಹಾಗಾಗಿ ಬಡ್ಡಿಯೂ ಹೆಚ್ಚು. ಆದರೆ ಇದೇ ಲೆಕ್ಕದೊಳಗೆ ಸಾಲಗಾರನಿಗೆ ಅನುಕೂಲವಾದದ್ದೂ ಒಂದು ಅಡಗಿದೆ.

ಪಟ್ಟಿಯ ಎರಡನೆಯ ಸಾಲನ್ನು ನೋಡಿ. ಅಲ್ಲಿ ಅಸಲು 4,819, ಬಡ್ಡಿ 21,216. ಮೊದಲ ಕಂತಿನ ಜೊತೆಗೇ ಈ 4,819 ರೂಪಾಯಿಯನ್ನೂ ಅಸಲಿಗೆಂದು ಕಟ್ಟಿಬಿಟ್ಟರೆ ಮುಂದಿನ ತಿಂಗಳು ನಾವು ನೇರವಾಗಿ ಮೂರನೆಯ ಸಾಲಿಗೆ ಹೋಗುತ್ತೇವೆ. ಎರಡನೆಯ ಸಾಲಿನ 21,216 ರೂಪಾಯಿ ಬಡ್ಡಿಯನ್ನು ಕೊಡುವ ಪ್ರಸಂಗವೇ ಬರುವುದಿಲ್ಲ. ಸಾಲದ ಅವಧಿಯಲ್ಲಿ ಒಂದು ತಿಂಗಳು ಕಡಿಮೆಯಾಯಿತು. ಹತ್ತು ವರ್ಷ ಕಳೆದ ಮೇಲೆ ಇಂಥದೇ ಒಂದು ಸಾಲನ್ನು ಹೊಡೆದುಹಾಕಲು 11,161 ರೂಪಾಯಿ ಬೇಕು, ಆಗ ಉಳಿಯುವ ಬಡ್ಡಿ 14,874. ಲಾಭ ಆಗಲೂ ಇದೆ, ಆದರೆ ಮೊದಲ ವರ್ಷಗಳ ಸಣ್ಣ ಹಣಕ್ಕೆ ಇರುವ ಶಕ್ತಿ ಆಮೇಲಿನ ದೊಡ್ಡ ಹಣಕ್ಕೆ ಇರುವುದಿಲ್ಲ.

ನನಗೆ ಪರಿಚಯದ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಈ ಕೆಲಸವನ್ನು ಪೆನ್ಸಿಲು, ಅಡಿಕೋಲು ಹಿಡಿದು ಮಾಡುತ್ತಾರೆ. ಹಸಿರು ಟ್ಯಾಗು ಕಟ್ಟಿದ ಫೈಲಿನಲ್ಲಿ ಅವರ ಕಂತಿನ ಪಟ್ಟಿ ಇದೆ. ಹೆಚ್ಚುವರಿ ಹಣ ಕಟ್ಟಿದಾಗಲೆಲ್ಲ ಅದಕ್ಕೆ ಸರಿಹೊಂದುವ ಸಾಲಿನ ಮೇಲೆ ನೀಟಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು, ರಸೀದಿಯನ್ನು ಹಿಂದೆ ಪಿನ್ನು ಹಾಕಿಡುತ್ತಾರೆ. ಹಣ ಸಾಲದಿದ್ದ ತಿಂಗಳು ಅರ್ಧ ಸಾಲಿಗೆ ಗೆರೆ. ಬಡ್ಡಿ ದರ ಬದಲಾದಾಗ ಬ್ಯಾಂಕಿನಿಂದ ಹೊಸ ಪಟ್ಟಿ ತರುತ್ತಾರೆ, ಹಳೆಯದನ್ನು ಎಸೆಯುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲ ಮೂರು ವರ್ಷಗಳ ಹಾಳೆಯ ಮೇಲೆ ಒಂದೂ ಗೆರೆಯಿಲ್ಲ. ಇಷ್ಟು ಲೆಕ್ಕ ಬಲ್ಲವರು, ಹೆಚ್ಚು ಲಾಭದ ವರ್ಷಗಳನ್ನೇ ಬಿಟ್ಟಿದ್ದೇಕೆ ಎಂದು ಕೇಳಿದೆ. ಅವರು ಕೊಟ್ಟ ಉತ್ತರವನ್ನು ಆಮೇಲೆ ಹೇಳುತ್ತೇನೆ.

ಹೆಚ್ಚುವರಿ ಎಂದರೆ ಎಷ್ಟಿರಬೇಕು? ಮೇಲಿನ ಲೆಕ್ಕದಲ್ಲಿ ಮೊದಲ ತಿಂಗಳಿಂದಲೇ ಕಂತಿನ ಜೊತೆ ಒಂದು ಸಾವಿರ ಸೇರಿಸಿ ಕಟ್ಟಿದರೆ ಸಾಲ ಇಪ್ಪತ್ತೊಂದು ತಿಂಗಳು ಮುಂಚೆ ತೀರುತ್ತದೆ. ಎರಡು ಸಾವಿರ ಸೇರಿಸಿದರೆ ಮೂರೂಕಾಲು ವರ್ಷ ಮುಂಚೆ. ಹಾಗೆ ಕಟ್ಟಿದ ಎರಡೆರಡು ಸಾವಿರಗಳ ಒಟ್ಟು ಮೊತ್ತ ನಾಲ್ಕು ಲಕ್ಷ, ಉಳಿಯುವ ಬಡ್ಡಿ ಆರು ಲಕ್ಷಕ್ಕೂ ಹೆಚ್ಚು. ಐವತ್ತೆಂಟಕ್ಕೆ ತೀರಬೇಕಾದ ಸಾಲ ಐವತ್ತೈದು ತುಂಬುವ ಮೊದಲೇ ತೀರಿದರೆ ಮನೆಯ ಸ್ಥಿತಿ ಎಷ್ಟು ಬೇರೆಯಾಗುತ್ತದೆ ಎಂಬುದನ್ನು ನಿವೃತ್ತಿಯ ಹೊಸ್ತಿಲಲ್ಲಿ ಇರುವವರು ಬಲ್ಲರು. ಮಕ್ಕಳ ಓದಿನ ಕೊನೆಯ ಫೀಸು, ಮದುವೆ, ತಂದೆತಾಯಿಯ ಆಸ್ಪತ್ರೆ ಎಲ್ಲವೂ ಬಂದು ಕೂರುವುದು ಆ ಮೂರು ವರ್ಷಗಳಲ್ಲೇ.

ನಮ್ಮ ಹಿರಿಯರೂ ಬಡ್ಡಿಯ ವಿಷಯದಲ್ಲಿ ಆಳವಾಗಿ ಯೋಚಿಸಿದ್ದಾರೆ. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲಿನ ಮೊತ್ತವನ್ನು ಮೀರಬಾರದು ಎಂಬ ದ್ವೈಗುಣ್ಯದ ನಿಯಮ ಮನುಸ್ಮೃತಿಯಲ್ಲೇ ಇದೆ. ದಾಮ್‌ದುಪಟ್ ಎಂಬ ಹೆಸರಿನಲ್ಲಿ ಮುಂಬಯಿ ಪ್ರಾಂತದ ಕೋರ್ಟುಗಳು ಅದನ್ನು ಎತ್ತಿಹಿಡಿದವು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಆಗ ಆ ಪ್ರಾಂತಕ್ಕೇ ಸೇರಿದ್ದರು. ಆದರೆ ಕಾಲಕಾಲಕ್ಕೆ ಕಟ್ಟುತ್ತ ಬಂದ ಬಡ್ಡಿಗೆ ಈ ಮಿತಿ ಅನ್ವಯಿಸುತ್ತಿರಲಿಲ್ಲ. ನಮ್ಮ ಗೃಹಸಾಲ ಇರುವುದು ಈ ಎರಡನೆಯ ಬಗೆಯಲ್ಲಿ. ಮೂವತ್ತು ಲಕ್ಷಕ್ಕೆ ಇಪ್ಪತ್ತು ವರ್ಷದಲ್ಲಿ ನಾವು ಕೊಡುವ ಬಡ್ಡಿ ಸುಮಾರು ಮೂವತ್ತೆರಡೂವರೆ ಲಕ್ಷ. ಒಟ್ಟಿಗೆ ಕೇಳಿದರೆ ಎದೆ ಝಲ್ಲೆನ್ನುವ ಮೊತ್ತ ತಿಂಗಳು ತಿಂಗಳು ಹೋಗುವಾಗ ಗೊತ್ತೇ ಆಗುವುದಿಲ್ಲ. ತಿಂಗಳು ತಿಂಗಳಾಗಿ ಹೋಗುವುದನ್ನು ತಡೆಯಲೂ ತಿಂಗಳು ತಿಂಗಳಾಗಿ ಕಟ್ಟುವುದೇ ದಾರಿ ಎಂದು ನನಗೆ ತೋರುತ್ತದೆ.

ಇನ್ನು ಬ್ಯಾಂಕಿನ ಕಡೆಯ ಮಾತು. ಮುಂಗಡವಾಗಿ ಕಟ್ಟಿದರೆ ದಂಡ ಹಾಕುತ್ತಾರೆ ಎಂಬ ಭಯ ಇಂದಿಗೂ ಹಲವರಲ್ಲಿ ಇದೆ. ಬದಲಾಗುವ ಬಡ್ಡಿ ದರದ ಗೃಹಸಾಲಕ್ಕೆ ಬ್ಯಾಂಕುಗಳು ಅಂಥ ಶುಲ್ಕ ಹಾಕಕೂಡದು ಎಂದು ರಿಸರ್ವ್ ಬ್ಯಾಂಕು 2012ರ ಜೂನ್‌ನಲ್ಲೇ ಆದೇಶಿಸಿದೆ. ಸ್ಥಿರ ದರದ ಸಾಲವಾಗಿದ್ದರೆ ಒಪ್ಪಂದದ ಪತ್ರ ಓದಿ ನೋಡಬೇಕು. ಕಟ್ಟುವಾಗ ಒಂದು ಮಾತನ್ನು ಮರೆಯದೆ ಹೇಳಬೇಕು: ಈ ಹಣ ಅಸಲಿಗೆ ಜಮೆಯಾಗಲಿ, ಕಂತು ಇದ್ದಷ್ಟೇ ಇರಲಿ, ಅವಧಿ ಕಡಿಮೆಯಾಗಲಿ. ಹೇಳದಿದ್ದರೆ ಕೆಲವು ಕಡೆ ಕಂತನ್ನು ಇಳಿಸಿ ಅವಧಿಯನ್ನು ಹಾಗೇ ಬಿಡುತ್ತಾರೆ, ಇನ್ನು ಕೆಲವು ಕಡೆ ಮುಂದಿನ ಕಂತಿನ ಮುಂಗಡವೆಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ಬರಹದಲ್ಲಿ ಕೊಡುವುದು, ತಿಂಗಳಾದ ಮೇಲೆ ಖಾತೆಯ ವಿವರ ತೆಗೆಸಿ ಅಸಲು ಇಳಿದಿದೆಯೇ ನೋಡುವುದು, ಎರಡೂ ಬೇಕು. ಇಷ್ಟಕ್ಕಿಂತ ಕಡಿಮೆ ಕಟ್ಟಿಸಿಕೊಳ್ಳುವುದಿಲ್ಲ ಎಂದು ಬ್ಯಾಂಕು ಹೇಳಿದರೆ ಎರಡು ಸಾವಿರವನ್ನು ಆರ್‌ಡಿಯಲ್ಲಿ ಕೂಡಿಟ್ಟು ವರ್ಷಕ್ಕೊಮ್ಮೆ ಕಟ್ಟಬಹುದು.

ಈ ಹಣ ಎಲ್ಲಿಂದ ಬರಬೇಕು? ಹೊಟ್ಟೆ ಬಟ್ಟೆ ಕಟ್ಟಿ ಅಲ್ಲ. ಕೈಗೆ ಹೊಸದಾಗಿ ಬಂದು, ಇನ್ನೂ ಖರ್ಚಿನ ಅಭ್ಯಾಸಕ್ಕೆ ಸೇರದ ಹಣ ಇದಕ್ಕೆ ಸರಿ. ವಾರ್ಷಿಕ ಬಡ್ತಿ, ತುಟ್ಟಿಭತ್ಯೆಯ ಬಾಕಿ, ಸರ್ಕಾರಿ ನೌಕರರಿಗಾದರೆ ಗಳಿಕೆ ರಜೆ ನಗದೀಕರಿಸಿದ ದುಡ್ಡು, ತೋಟದವರಿಗಾದರೆ ಅಡಿಕೆಯೋ ಕಾಫಿಯೋ ಮಾರಿದಾಗಿನ ಒಂದು ಪಾಲು. 2024ರ ಆಗಸ್ಟ್‌ನಲ್ಲಿ ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂದಾಗ ಎಷ್ಟೋ ಮನೆಗಳ ಸಂಬಳ ಏರಿತು. ಏರಿದ ಸಂಬಳ ಮೊದಲ ತಿಂಗಳು ಕಣ್ಣಿಗೆ ಕಾಣುತ್ತದೆ, ಮೂರನೆಯ ತಿಂಗಳ ಹೊತ್ತಿಗೆ ಮನೆಖರ್ಚಿನಲ್ಲಿ ಕರಗಿರುತ್ತದೆ. ಆಸೆ ಬರುವ ಮೊದಲೇ ಅದರಲ್ಲಿ ಒಂದಿಷ್ಟಕ್ಕೆ ದಾರಿ ತೋರಿಸಿದವರ ಮನೆಯಲ್ಲಿ ಯಾರಿಗೂ ಏನೂ ಕಡಿಮೆಯಾದಂತೆ ಅನ್ನಿಸುವುದಿಲ್ಲ.

ಇನ್ನೂ ಸುಲಭದ ದಾರಿಯೊಂದು ಈಚೆಗೆ ತಾನಾಗಿ ಒದಗಿತು. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 6.5ರಿಂದ ಹಂತಹಂತವಾಗಿ ಶೇ 5.25ಕ್ಕೆ ಇಳಿಸಿತು. 2019ರ ಅಕ್ಟೋಬರ್‌ನಿಂದೀಚೆಗೆ ಬ್ಯಾಂಕುಗಳು ಕೊಟ್ಟ ಬದಲಾಗುವ ದರದ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಲ್ಪಟ್ಟಿವೆ, ಹಾಗಾಗಿ ಅವುಗಳ ಬಡ್ಡಿಯೂ ಇಳಿಯಿತು. ಬಡ್ಡಿ ಇಳಿದರೂ ಹಳೆಯ ಕಂತನ್ನೇ ಕಟ್ಟುತ್ತ ಹೋಗುತ್ತೇನೆ ಎಂದವರು ಜೇಬಿನಿಂದ ಹೊಸದಾಗಿ ಏನನ್ನೂ ತೆಗೆಯದೆ ಪ್ರತಿ ತಿಂಗಳೂ ಹೆಚ್ಚುವರಿ ಕಟ್ಟಿದಂತಾಯಿತು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಇದೇ ದರ ಶೇ 4ರಿಂದ 6.5ಕ್ಕೆ ಏರಿದಾಗ ಇದರ ತಿರುಗುಮುರುಗು ನಡೆದಿತ್ತು. ಕಂತು ಅಷ್ಟೇ ಇದ್ದು, ಅವಧಿ ಸದ್ದಿಲ್ಲದೆ ಬೆಳೆದು, ನಿವೃತ್ತಿಯ ಆಚೆಗೂ ಸಾಲ ಚಾಚಿದ್ದು ಹಲವರಿಗೆ ತಿಳಿಯಲೇ ಇಲ್ಲ. ಸಾಲಗಾರನಿಗೆ ತಿಳಿಸಬೇಕು, ಕಂತು ಏರಿಸುವ, ಅವಧಿ ಏರಿಸುವ, ಮುಂಗಡ ಕಟ್ಟುವ ಆಯ್ಕೆಗಳನ್ನು ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸೂಚಿಸಿತು. ಆಯ್ಕೆ ನಮ್ಮದು ಎಂದ ಮೇಲೆ ನೋಡುವ ಹೊಣೆಯೂ ನಮ್ಮದೇ.

ಎಲ್ಲರೂ ಇಂದೇ ಹೆಚ್ಚುವರಿ ಕಟ್ಟಲು ಹೊರಡಬೇಕೆಂದು ನಾನು ಹೇಳುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ, ಕೈಸಾಲ, ಚಿನ್ನದ ಮೇಲಿನ ಸಾಲ ಇದ್ದರೆ ಮೊದಲು ಅವು ತೀರಬೇಕು. ಅವುಗಳ ಬಡ್ಡಿ ಹೆಚ್ಚು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ತಕ್ಷಣ ಕೈಗೆ ಸಿಗುವಂತೆ ಐದಾರು ತಿಂಗಳ ಖರ್ಚು ಬೇರೆ ಇರಬೇಕು, ಏಕೆಂದರೆ ಅಸಲಿಗೆ ಕಟ್ಟಿದ ಹಣವನ್ನು ಬೇಕೆಂದಾಗ ವಾಪಸು ಕೇಳಲಾಗದು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇರುವವರಿಗೆ ಗೃಹಸಾಲದ ಬಡ್ಡಿಗೆ ವರ್ಷಕ್ಕೆ ಎರಡು ಲಕ್ಷದವರೆಗೆ ವಿನಾಯಿತಿ ಉಂಟು. ಅದನ್ನೂ ಲೆಕ್ಕಕ್ಕೆ ಹಿಡಿಯಲಿ. ಅದೇ ಹಣವನ್ನು ಮ್ಯೂಚುವಲ್ ಫಂಡಿಗೆ ಹಾಕಿದರೆ ಹೆಚ್ಚು ಬರುತ್ತದೆ ಎನ್ನುವವರೂ ಇದ್ದಾರೆ. ಬರಬಹುದು. ಬಂದೇ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ, ಉಳಿದ ಬಡ್ಡಿಯಾದರೋ ಕಟ್ಟಿದ ದಿನವೇ ಖಚಿತ. ಚಿಕ್ಕ ವಯಸ್ಸಿನವರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಲಿ. ಐವತ್ತು ದಾಟಿದವರು ಸಾಲ ತೀರಿಸುವ ಕಡೆ ಹೆಚ್ಚು ವಾಲುವುದು ವಿವೇಕ.

ಸಾಲ ತೀರಿದ ಮೇಲೂ ಮುಗಿಸಬೇಕಾದ ಕೆಲಸಗಳಿವೆ. ಕ್ರಯಪತ್ರ ಮೊದಲಾದ ಮೂಲ ದಾಖಲೆಗಳನ್ನು ಬ್ಯಾಂಕು 30 ದಿನಗಳೊಳಗೆ ಹಿಂದಿರುಗಿಸಬೇಕು. ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಅಡಮಾನವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ಋಣಭಾರ ಪತ್ರ ತೆಗೆಸಿ ನೋಡಬೇಕು. ಹಣ ಕಟ್ಟಿ ಮುಗಿಸಿದ ಸಂತೋಷದಲ್ಲಿ ಇದನ್ನು ಬಿಟ್ಟವರ ಮಕ್ಕಳು ಮುಂದೆ ಮನೆ ಮಾರಲು ಹೋದಾಗ ಆ ಹಳೆಯ ನಮೂದು ಅಡ್ಡ ಬರುತ್ತದೆ.

ಇಷ್ಟರವರೆಗೆ ಹೇಳಿದ್ದು ಬ್ಯಾಂಕಿನ ಸಾಲದ ಮಾತು. ಆದರೆ ಬ್ಯಾಂಕಿನ ಸಾಲದಿಂದಷ್ಟೇ ಎದ್ದ ಮನೆಗಳು ನಮ್ಮಲ್ಲಿ ಬಹಳ ಕಡಿಮೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಮೌಲ್ಯದ ಶೇ 90ರಷ್ಟು, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75ರವರೆಗೆ ಮಾತ್ರ ಬ್ಯಾಂಕು ಕೊಡಬಹುದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸಾಮಾನ್ಯವಾಗಿ ಆ ಮೌಲ್ಯದಲ್ಲಿ ಸೇರುವುದಿಲ್ಲ. ಹಾಗಾದರೆ ಉಳಿದದ್ದನ್ನು ಯಾರು ಕೊಟ್ಟರು? ಅಪ್ಪ ನಿವೃತ್ತಿಯ ಹಣದಿಂದ ತೆಗೆದುಕೊಟ್ಟರು. ಅಕ್ಕ ಬಳೆ ಬಿಚ್ಚಿಕೊಟ್ಟಳು. ಭಾವ ಎರಡು ಲಕ್ಷ ಕೈಗಡ ಕೊಟ್ಟು, ನಿಧಾನಕ್ಕೆ ಕೊಡಿ ಎಂದರು. ಗೃಹಪ್ರವೇಶದ ದಿನ ಇವರೆಲ್ಲ ಬಂದು ಉಂಡು ಹೋದರು. ಆಮೇಲೆ ಆ ಸಾಲಗಳ ಬಗ್ಗೆ ಮನೆಯಲ್ಲಿ ಮಾತೇ ಬರುವುದಿಲ್ಲ.

ಲೆಕ್ಕದ ಬುದ್ಧಿ ಹೇಳುವುದೇನೆಂದರೆ, ಹೆಚ್ಚು ಬಡ್ಡಿಯದು ಮೊದಲು, ಬಡ್ಡಿಯಿಲ್ಲದ್ದು ಕೊನೆಗೆ. ಈ ಬುದ್ಧಿಯನ್ನೇ ನೆಚ್ಚಿಕೊಂಡರೆ ಅಕ್ಕನ ಬಳೆಗೆ ಇಪ್ಪತ್ತು ವರ್ಷವಾದರೂ ಸರದಿ ಬರುವುದಿಲ್ಲ. ಬ್ಯಾಂಕಿಗೆ ಒಂದು ಕಂತು ತಪ್ಪಿದರೆ ಮರುದಿನವೇ ಫೋನು ಬರುತ್ತದೆ. ಅಕ್ಕ ಫೋನು ಮಾಡುತ್ತಾಳೆ, ಮಕ್ಕಳು ಚೆನ್ನಾಗಿದ್ದಾರಾ, ಮಳೆ ಹೇಗಿದೆ ಎಂದು ಕೇಳುತ್ತಾಳೆ, ಇದೊಂದನ್ನು ಕೇಳುವುದಿಲ್ಲ. ಅವಳ ಗಂಡನಿಗೋ ಅತ್ತೆಗೋ ಈ ವಿಷಯ ಗೊತ್ತಿದ್ದರೆ ಅವಳು ಎಷ್ಟು ಮಾತು ಕೇಳಿಸಿಕೊಂಡಳೋ, ಗೊತ್ತಿಲ್ಲದಿದ್ದರೆ ಎಷ್ಟು ಮದುವೆಗಳಿಗೆ ಬರಿಗೈಯಲ್ಲಿ ಹೋಗಿ ನೆಪ ಹೇಳಿದಳೋ, ನಮಗೆ ತಿಳಿಯುವುದಿಲ್ಲ. ಯಾರು ಸುಖಿ ಎಂಬ ಯಕ್ಷನ ಪ್ರಶ್ನೆಗೆ ಧರ್ಮರಾಯ ಹೇಳಿದ ಲಕ್ಷಣಗಳಲ್ಲಿ ಋಣವಿಲ್ಲದಿರುವುದೂ ಒಂದು. ಮಹಾಭಾರತದ ಆ ಮಾತಿನಲ್ಲಿ ಬಡ್ಡಿಯ ಋಣ, ಬಡ್ಡಿಯಿಲ್ಲದ ಋಣ ಎಂಬ ಭೇದವಿಲ್ಲ.

ಆ ಶಿಕ್ಷಕಿ ಹೇಳಿದ್ದು ಇದನ್ನೇ. ಮೊದಲ ಮೂರು ವರ್ಷ ಅವರ ಹೆಚ್ಚುವರಿ ಹಣವೆಲ್ಲ ನಾದಿನಿಯ ಚಿನ್ನಕ್ಕೆ ಹೋಗಿತ್ತು. ನಿವೇಶನದ ಮುಂಗಡ ಕಟ್ಟುವಾಗ ನಾದಿನಿ ಎರಡು ಜೊತೆ ಬಳೆ ಕೊಟ್ಟಿದ್ದರು, ಇವರು ಅದನ್ನು ಮಾರಿ ಹಣ ಕಟ್ಟಿದ್ದರು. "ಬ್ಯಾಂಕಿಗೆ ಬಡ್ಡಿ ಕೊಡುತ್ತಿದ್ದೆ, ಅದು ಕಾಯಬಹುದಿತ್ತು. ಅವಳಿಗೆ ಏನೂ ಕೊಡುತ್ತಿರಲಿಲ್ಲವಲ್ಲ" ಎಂದರು. ಆ ಮೂರು ವರ್ಷ ಪಟ್ಟಿಗೆ ಗೆರೆ ಎಳೆಯದ್ದರಿಂದ ಎಷ್ಟು ಬಡ್ಡಿ ಹೆಚ್ಚಾಯಿತು ಎಂಬುದೂ ಅವರಿಗೆ ಗೊತ್ತು. ಲೆಕ್ಕ ಹಾಕಿ, ಅದೇ ಫೈಲಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ನಷ್ಟದ ಪಟ್ಟಿಗೆ ಅವರು ಸೇರಿಸಿಲ್ಲ, ಮನೆಯ ಬೆಲೆಗೆ ಸೇರಿಸಿದ್ದಾರೆ.

ಅವರು ಕೊಟ್ಟದ್ದು ಚಿನ್ನವನ್ನೇ, ತೂಕಕ್ಕೆ ತೂಕ. ಇದು ನಾವೆಲ್ಲ ಗಮನಿಸಬೇಕಾದ ಸಂಗತಿ. 2015ರ ಸುಮಾರಿಗೆ ಹತ್ತು ಗ್ರಾಂ ಚಿನ್ನದ ಬೆಲೆ ಇಪ್ಪತ್ತಾರು, ಇಪ್ಪತ್ತೇಳು ಸಾವಿರದ ಆಸುಪಾಸು ಇತ್ತು. 2025ರಲ್ಲಿ ಅದು ಒಂದು ಲಕ್ಷ ದಾಟಿತು. ಅಂದು ಮಾರಿ ಬಂದ ಹಣವನ್ನು ಇಂದು ಎಣಿಸಿಕೊಟ್ಟು ಸಾಲ ತೀರಿತು ಎಂದರೆ ಕೊಟ್ಟವರ ಬಳೆಯ ಕಾಲು ಭಾಗವೂ ಬಂದಂತಾಗದು. ಒಂದೇ ಸಲ ಕೊಳ್ಳಲು ಆಗದಿದ್ದರೆ ಒಂದು ಗ್ರಾಂ, ಎರಡು ಗ್ರಾಂ ನಾಣ್ಯ ತೆಗೆದಿಡಬಹುದು. ಬಿಲ್ಲಿನ ಜೊತೆ ಅವರ ಹೆಸರು ಬರೆದ ಲಕೋಟೆಯಲ್ಲಿ ಇಡಬಹುದು. ಬೆಲೆ ಇಳಿಯಲಿ ಎಂದು ಕಾಯುತ್ತ ಕೂರುವುದಕ್ಕಿಂತ ಇದು ಮೇಲು.

ಕಂತಿನ ಪಟ್ಟಿ ತೆರೆದ ಭಾನುವಾರವೇ ಇನ್ನೊಂದು ಹಾಳೆ ತೆಗೆದುಕೊಂಡು, ಮನೆ ಕೊಳ್ಳುವಾಗ ಯಾರು ಯಾರು ಏನು ಕೊಟ್ಟರು ಎಂದು ಗಂಡ ಹೆಂಡತಿ ಕೂತು ನೆನಪು ಮಾಡಿ ಬರೆಯಬೇಕು. ಇಬ್ಬರ ನೆನಪೂ ಬೇಕು, ಏಕೆಂದರೆ ಅವರವರ ತವರಿನ, ಅವರವರ ಗೆಳೆಯರ ಉಪಕಾರ ಅವರವರಿಗೆ ಹೆಚ್ಚು ಗೊತ್ತಿರುತ್ತದೆ. ನೂರು ಚೀಲ ಸಿಮೆಂಟನ್ನು ಉದ್ರಿ ಕೊಟ್ಟು ಆರು ತಿಂಗಳು ಸುಮ್ಮನಿದ್ದ ಅಂಗಡಿಯವರೂ ಅದರಲ್ಲಿ ಇರಲಿ. ಆ ಹಾಳೆಯಲ್ಲಿ ಹೆಸರಿದ್ದಷ್ಟು ದಿನ ತಿಂಗಳ ಎರಡು ಸಾವಿರ ಅವರದು. ಕೊಡಲು ಹೋದಾಗ ಅವರು ಬೇಡ ಎನ್ನುತ್ತಾರೆ, ಈಗೇನು ಅವಸರ ಎನ್ನುತ್ತಾರೆ, ತಿಂಡಿ ತಿಂದು ಹೋಗಿ ಎನ್ನುತ್ತಾರೆ. ತಿಂಡಿ ತಿಂದು, ಹಣವನ್ನು ಅವರ ಕೈಗೇ ಕೊಟ್ಟು ಬರಬೇಕು. ಅವರ ಮನೆಯಲ್ಲಿ ಮದುವೆ, ಆಸ್ಪತ್ರೆ ಅಂತ ಏನೂ ಇಲ್ಲದ ತಿಂಗಳಲ್ಲೇ ಹೋದರೆ ಇನ್ನೂ ಒಳ್ಳೆಯದು.